ಮ್ಯಾರಥಾನ್‌ಗೆ ಸಂಘಗಳು ಬರೇ ಪ್ರೇಕ್ಷಕರೇ?

ಮುಂಬಯಿ ಮ್ಯಾರಥಾನ್ ಆರಂಭಗೊಂಡದ್ದು 2004ರ ಫೆಬ್ರವರಿಯಲ್ಲಿ. ಪ್ರಾಯೋಜಕರಾಗಿದ್ದ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಸ್ಥಾನಕ್ಕೆ 2018ರಲ್ಲಿ ಟಾಟಾ ಬಂತು. ಕೋವಿಡ್‌ನಿಂದಾಗಿ 2021 ಮತ್ತು 2022ರಲ್ಲಿ ನಿಂತ ಓಟ 2023ರ ಜನವರಿಯಲ್ಲಿ ಮರಳಿತು.

ಟಿವಿಯಲ್ಲಿ ಕಾಣುವುದು ಹೆಚ್ಚಾಗಿ ಡ್ರೀಮ್ ರನ್‌ನ ಬಣ್ಣದ ವೇಷ, ಚಿತ್ರತಾರೆಯರು. ಆದರೆ ನಿಜವಾದ ಓಟ ನಸುಕಿನ ಕತ್ತಲಲ್ಲೇ ಸಿಎಸ್‌ಎಂಟಿ ಎದುರಿನಿಂದ ಹೊರಟಿರುತ್ತದೆ. 42.195 ಕಿ.ಮೀ. ದೂರ. 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೇತುವೆಯಲ್ಲಿ ಪಾದಚಾರಿಗಳಿಗೆ ಪ್ರವೇಶವಿಲ್ಲ. ಓಟಗಾರರಿಗೆ ಮಾತ್ರ ಅಂದು ಅದು ತೆರೆದ ರಸ್ತೆ. ಹಿಂದಿರುಗುವಾಗ ಪೆಡ್ಡರ್ ರೋಡ್ ಏರು ಕಾಲಿನ ಕಸುವನ್ನೇ ಹೀರುತ್ತದೆ. ಅಲ್ಲಿ ಕಿತ್ತಳೆ, ಬಿಸ್ಕಿಟು, ನೀರು ಹಿಡಿದು ನಿಲ್ಲುವ ನಾಗರಿಕರೇ ಈ ಓಟದ ಜೀವಾಳ.

ಈ ಓಟದ ಮೂಲಕ ನೋಂದಾಯಿತ ಸೇವಾಸಂಸ್ಥೆಗಳು ದೇಣಿಗೆ ಸಂಗ್ರಹಿಸುತ್ತವೆ. ನಮ್ಮ ಸಂಘಗಳ ಕ್ರೀಡಾಕೂಟವೋ ಹಗ್ಗಜಗ್ಗಾಟ, ಸಂಗೀತ ಕುರ್ಚಿ, ಬಳಿಕ ಊಟಕ್ಕೆ ಮುಗಿಯುತ್ತದೆ. (ಊಟಕ್ಕೆ ಮಾತ್ರ ಎಲ್ಲರೂ ಓಡುತ್ತಾರೆ!) ನಗರದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಸಿಯುತ್ತಿರುವಾಗ ಹತ್ತು ಯುವಕರು ಆ ಶಾಲೆಗಳ ಹೆಸರಿನಲ್ಲಿ ಓಡಬಾರದೇ? ಯುವಕರು ಸಭೆಗೆ ಬರುವುದಿಲ್ಲವೆಂದು ದೂರುವ ಪದಾಧಿಕಾರಿಗಳು ಜನವರಿಯ ಆ ರವಿವಾರ ಪೆಡ್ಡರ್ ರೋಡಿಗೆ ಹೋಗಿ ನೋಡಲಿ.