ಮನೆಯ ಕೇಕು, ಶೆಡ್ಡಿನ ಕೆಲಸ

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶದಂಥ ಕಡೆ ದೊಡ್ಡ ಕಾರ್ಖಾನೆಗಳ ಮಾತು ಬೇರೆ, ಸಣ್ಣ ಶೆಡ್ಡುಗಳ ಮಾತು ಬೇರೆ. ಹನ್ನೆರಡು ಮಂದಿ ದುಡಿಯುವ ಒಂದು ಶೆಡ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರಡು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಮೂಲೆಯಲ್ಲಿ ಲೆಕ್ಕ ಬರೆಯುವವರ ಮೇಜು. ಇಂಥಲ್ಲಿ ಕ್ಯಾಂಟೀನ್ ಇರುವುದಿಲ್ಲ. 1948ರ ಕಾರ್ಖಾನೆಗಳ ಕಾಯಿದೆ ಕೂಡ ಕ್ಯಾಂಟೀನಿನ ನಿಯಮವನ್ನು ಮಾಡಿದ್ದು 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗಳಿಗೆ. ಇಲ್ಲಿ ಸಂಜೆ ನಾಲ್ಕಕ್ಕೆ ಫ್ಲಾಸ್ಕಿನಲ್ಲಿ ಟೀ ಬರುತ್ತದೆ, ಜೊತೆಗೆ ಎರಡು ಬಿಸ್ಕತ್ತು. ಅಷ್ಟೆ.

ಈ ಶೆಡ್ಡಿನ ಮಾಲೀಕರ ಮಗಳು ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾಳೆ, ಒಂದು ಶನಿವಾರ ತಾನೇ ಕೇಕು ಮಾಡಿ ಅಪ್ಪನ ಕೈಲಿ ಕಳಿಸುತ್ತಾಳೆ ಎಂದಿಟ್ಟುಕೊಳ್ಳೋಣ. ಅದರಿಂದ ಕೆಲಸಗಾರರ ಹುರುಪು ಹೆಚ್ಚುತ್ತದೆಯೆ? ಅಪ್ಪ ದಾರಿಯಲ್ಲಿ ಬೇಕರಿಯಿಂದ ಒಂದು ಡಬ್ಬ ತಂದಿದ್ದರೆ ಸಾಲದೆ? ಅಥವಾ ಅದೇ ದುಡ್ಡನ್ನು ತಲಾ ಇಷ್ಟೆಂದು ಹಂಚಿಬಿಟ್ಟಿದ್ದರೆ?

ಇದು ಅಡುಗೆಮನೆಯ ಹರಟೆಯಂತೆ ಕಂಡರೂ ಅರ್ಥಶಾಸ್ತ್ರಜ್ಞರು ಇಂಥದೇ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಸೆಬಾಸ್ಟಿಯನ್ ಕೂಬೆ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಜರ್ಮನಿಯ ಒಂದು ಗ್ರಂಥಾಲಯದಲ್ಲಿ ಪುಸ್ತಕಗಳ ವಿವರವನ್ನು ಕಂಪ್ಯೂಟರಿಗೆ ಏರಿಸಲು ವಿದ್ಯಾರ್ಥಿಗಳನ್ನು ಗಂಟೆಯ ಲೆಕ್ಕದಲ್ಲಿ ನೇಮಿಸಿಕೊಂಡರು. ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. ಕೆಲವರಿಗೆ ಗೊತ್ತಾದ ಸಂಬಳ ಮಾತ್ರ. ಕೆಲವರಿಗೆ ಅದರ ಮೇಲೆ 7 ಯೂರೊ ನಗದು. ಇನ್ನು ಕೆಲವರಿಗೆ ಅಷ್ಟೇ ಬೆಲೆಯ ಒಂದು ಥರ್ಮಾಸ್ ಬಾಟಲು, ಅಂದವಾಗಿ ಕಾಗದ ಸುತ್ತಿ. ನಗದು ಪಡೆದವರ ಕೆಲಸದಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಕಾಣಲಿಲ್ಲ. ಬಾಟಲು ಪಡೆದವರು ಸುಮಾರು ಶೇ 25ರಷ್ಟು ಹೆಚ್ಚು ಕೆಲಸ ಮಾಡಿದರು!

ಬಾಟಲು ಅಷ್ಟೊಂದು ಬೇಕಾಗಿತ್ತೆ? ಇಲ್ಲ. ಯಾವುದು ಬೇಕೆಂದು ಆರಿಸಿಕೊಳ್ಳಲು ಬಿಟ್ಟಾಗ ಹೆಚ್ಚಿನವರು ದುಡ್ಡನ್ನೇ ಕೇಳಿದರು. ಆದರೂ ಹಾಗೆ ಕೇಳಿ ಪಡೆದವರು ಬಾಟಲು ಸಿಕ್ಕವರಷ್ಟೇ ಹುರುಪಿನಿಂದ ದುಡಿದರು. ಕೊನೆಗೆ ಅದೇ ನೋಟನ್ನು ಅಂಗಿಯ ಆಕಾರಕ್ಕೆ ಮಡಿಸಿ ಕೊಟ್ಟು ನೋಡಿದರು. ಈಗ ದುಡ್ಡೂ ಬಾಟಲಿನಷ್ಟೇ ಕೆಲಸ ಮಾಡಿತು. ಕೊಟ್ಟವರು ತಮಗಾಗಿ ಒಂದಿಷ್ಟು ಹೊತ್ತು ಕೂತಿದ್ದಾರೆ, ತಲೆ ಓಡಿಸಿದ್ದಾರೆ ಎಂಬುದು ಪಡೆದವರಿಗೆ ಕಂಡಿತ್ತು. ಮನೆಯ ಕೇಕಿನ ಗುಟ್ಟೂ ಇದೇ ಇರಬೇಕು. ರುಚಿಯಲ್ಲಿ ಅದು ಬೇಕರಿಯ ಕೇಕನ್ನು ಸೋಲಿಸಬೇಕಾಗಿಲ್ಲ. ಅಂಚು ಸ್ವಲ್ಪ ಸೀದಿದ್ದರೂ ನಡೆಯುತ್ತದೆ.

ಹೊತ್ತಂತೂ ಹಿಡಿದೇ ಹಿಡಿಯುತ್ತದೆ. ಅವನ್ ಇಲ್ಲದ ಮನೆಗಳಲ್ಲಿ ಕುಕ್ಕರಿನ ತಳಕ್ಕೆ ಮರಳು ಇಲ್ಲವೆ ಉಪ್ಪು ಹರಡಿ, ಗ್ಯಾಸ್ಕೆಟ್ಟು, ವೆಯ್ಟು ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕಾಯಬೇಕು. ನಡುವೆ ಮುಚ್ಚಳ ತೆಗೆದು ಇಣುಕಿದರೆ ಉಬ್ಬಿದ್ದು ಕುಸಿಯುತ್ತದೆ. ಉಬ್ಬಿಸುವುದು ಸೋಡಾ ಮತ್ತು ಮೊಸರಿನ ಹುಳಿ ಸೇರಿ ಹುಟ್ಟುವ ಇಂಗಾಲದ ಡೈ ಆಕ್ಸೈಡ್. ರಸಾಯನಶಾಸ್ತ್ರದ ಪುಸ್ತಕದಲ್ಲಿ ಓದಿದ್ದನ್ನು ಮಕ್ಕಳು ಇಲ್ಲಿ ಕಣ್ಣಾರೆ ನೋಡಬಹುದು. ಮೊಟ್ಟೆ ತಿನ್ನದವರು ಯಾವ ಶೆಡ್ಡಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಅಯ್ಯಂಗಾರ್ ಬೇಕರಿಗಳ ನಾಡಿನಲ್ಲಿ ಮೊಟ್ಟೆಯಿಲ್ಲದ ಕೇಕು ಹೊಸತೂ ಅಲ್ಲ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಹಿಚುಕಿ ಹಾಕಿದರೆ ಮೊಟ್ಟೆಯ ಕೆಲಸ ಅದೇ ಮಾಡುತ್ತದೆ. ಪಚ್ಚಬಾಳೆ ಸಾಕು, ನಂಜನಗೂಡಿನ ರಸಬಾಳೆಯನ್ನು ಕೇಕಿಗೆ ಹಿಚುಕುವುದು ಪಾಪ! ಈ ಕೆಲಸದಲ್ಲೇ ಆಸಕ್ತಿ ಕುದುರಿದರೆ ಮೈಸೂರಿನಲ್ಲೇ ಸಿಎಫ್‌ಟಿಆರ್‌ಐ ಇದೆ. 1950ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಬೇಕಿಂಗ್ ತಂತ್ರಜ್ಞಾನಕ್ಕೆ ಪ್ರತ್ಯೇಕ ವಿಭಾಗವೇ ಉಂಟು.

ಇನ್ನು ಅಪ್ಪಂದಿರಿಗೆ ಒಂದು ಮಾತು. ಹಿಂದಿನ ವಾರ ರಾತ್ರಿ ಎಂಟರವರೆಗೆ ದುಡಿಸಿಕೊಂಡು, ಅದರ ಕೂಲಿಯನ್ನು ಬಾಕಿ ಇಟ್ಟು, ಶನಿವಾರ ಕೇಕು ತಂದರೆ ಆ ಕೇಕು ಯಾರ ಗಂಟಲಲ್ಲೂ ಇಳಿಯುವುದಿಲ್ಲ. ನಿಗದಿತ ವೇಳೆ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಎಂದು 1948ರ ಕಾಯಿದೆಯೇ ಹೇಳಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಬರೆದದ್ದೂ ಇದಕ್ಕೆ ಹತ್ತಿರದ ಮಾತೇ. ಸಂಬಳ, ಕೆಲಸದ ಜಾಗದ ಸೌಕರ್ಯ ಸರಿಯಿಲ್ಲದಿದ್ದರೆ ಅಸಮಾಧಾನ ಹೊಗೆಯಾಡುತ್ತದೆ. ಅವು ಸರಿಯಾದ ಮೇಲೆ ಹುರುಪು ಬರುವುದು ತಾನು ಮಾಡಿದ ಕೆಲಸವನ್ನು ಯಾರೋ ಗುರುತಿಸಿದರು ಎಂಬುದರಿಂದ. ಮೊದಲನೆಯದು ಇಲ್ಲದ ಕಡೆ ಎರಡನೆಯದಕ್ಕೆ ಹೊರಟರೆ ಅದು ಕಣ್ಣೊರೆಸುವ ಉಪಾಯವಾಗುತ್ತದೆ, ಕೆಲಸಗಾರರಿಗೆ ಅದು ತಿಳಿಯುವುದಿಲ್ಲ ಎಂದುಕೊಳ್ಳುವುದು ತಪ್ಪು. ವಾರವಾರವೂ ತರತೊಡಗಿದರೆ ಬೇರೆಯೇ ತೊಂದರೆ. ಆಗ ಕೇಕು ಮಾಮೂಲಾಗುತ್ತದೆ, ಬಾರದ ವಾರ ಗೊಣಗಾಟ. ಒಂದು ಕಷ್ಟದ ಆರ್ಡರು ಮುಗಿದಾಗ, ಅದನ್ನು ಮುಗಿಸಿದವರ ಹೆಸರು ಹೇಳಿ ಕೊಟ್ಟರೆ ಸೊಗಸು.

ಆಯುಧಪೂಜೆಯ ದಿನ ನಮ್ಮ ವರ್ಕ್‌ಷಾಪುಗಳಲ್ಲಿ ನಡೆಯುವುದನ್ನು ನೋಡಿ. ಲೇತಿಗೆ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳ, ಆಮೇಲೆ ಕಡಲೆಪುರಿ, ಸಿಹಿ. ಆ ಹೊತ್ತು ಕಾಗದ ಕೊಡಲು ಬಂದ ಅಂಚೆಯವರಿಗೂ ಪೊಟ್ಟಣ ಸಿಗುತ್ತದೆ. ಯಾರನ್ನೂ ಎಣಿಸಿ ಹೊರಗಿಡುವ ಪ್ರಶ್ನೆಯೇ ಇಲ್ಲ. ಕೇಕು ಹಾಗಲ್ಲ, ಎಣಿಸಿಯೇ ಕೊಯ್ಯಬೇಕು. ಎಡವುವುದು ಅಲ್ಲೇ. ಹಾಜರಿ ಪುಸ್ತಕದಲ್ಲಿ ಹನ್ನೆರಡು ಹೆಸರಿರುತ್ತದೆ. ಬೆಳಿಗ್ಗೆ ಗುಡಿಸಿ ಹೋಗುವ ಹೆಂಗಸು, ಗುತ್ತಿಗೆಯ ಮೇಲೆ ಸಾಮಾನು ಇಳಿಸುವ ಹುಡುಗ, ರಾತ್ರಿ ಕಾವಲಿನವರು ಆ ಪುಸ್ತಕದಲ್ಲಿರುವುದಿಲ್ಲ. ಹನ್ನೆರಡು ತುಂಡು ಮಾಡಿ ಹಂಚುವಾಗ ಆ ಹುಡುಗ ಟೀ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದರೆ, ಅಂದು ಕೇಕು ತಾರದಿದ್ದರೇ ಚೆನ್ನಾಗಿತ್ತು.

ಆದ್ದರಿಂದ ಮಗಳು ಹಿಟ್ಟು ಕಲಸುವ ಮೊದಲು ಅಪ್ಪನನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಅಪ್ಪಾ, ಅಲ್ಲಿ ಒಟ್ಟು ಎಷ್ಟು ಜನ?" ಅಪ್ಪ ಹನ್ನೆರಡು ಎಂದರೆ ಹದಿನೈದಕ್ಕೆ ಕಲಸಲಿ. ರಾತ್ರಿ ಕಾವಲಿನವರ ಪಾಲನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಇರುವೆ ಮುತ್ತದ ಹಾಗೆ ಮೇಜಿನ ಮೇಲಿಡಲು ಅಪ್ಪನಿಗೆ ಹೇಳಲಿ.