ಕಟ್ಟಿದ್ದನ್ನು ಕಾಯುವ ಕಾಯಕ

ವಚನ ಸಾಹಿತ್ಯದ ಪುನರುದ್ಧಾರವನ್ನು ನೆನೆಯುವಾಗ ಡಾ. ಫ. ಗು. ಹಳಕಟ್ಟಿಯವರ ಹೆಸರು ಮೊದಲು ನಾಲಗೆಗೆ ಬರುತ್ತದೆ. ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಆ ಶರಣಜೀವಿಗಳು ಮನೆಮಠಗಳಲ್ಲಿ ಧೂಳು ಹಿಡಿದಿದ್ದ ತಾಡವೋಲೆಗಳನ್ನು ಅರಸಿ ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಸ್ವಂತ ಮನೆಯನ್ನೇ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅವರ ತ್ಯಾಗವನ್ನು ಪ್ರತಿ ವರ್ಷವೂ ಸಭೆಗಳಲ್ಲಿ ಕೊಂಡಾಡಲಾಗುತ್ತದೆ. ಆದರೆ ಆ ಮಹನೀಯರು ಮನೆ ಮಾರುವ ಸ್ಥಿತಿಗೆ ಬರುವವರೆಗೆ ಸುತ್ತಲಿನ ಸಮಾಜವು ಏನು ಮಾಡುತ್ತಿತ್ತು ಎಂಬ ಪ್ರಶ್ನೆಯನ್ನು ಮಾತ್ರ ಆ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ.

ನೂರು ವರ್ಷಗಳ ತರುವಾಯ ಅದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗಿದೆ. ಇಂದು ವಚನಗಳನ್ನು ಓದುವವರಲ್ಲಿ ಅನೇಕರು ಮೊಬೈಲಿನಲ್ಲಿಯೇ ಓದುತ್ತಾರೆ. ಸೇಡಂ ತಾಲೂಕಿನ ಮುಧೋಳದಲ್ಲಿರಲಿ, ಚಿಂಚೋಳಿಯ ಹಳ್ಳಿಯೊಂದರಲ್ಲಿರಲಿ, ಬೇಕಾದ ವಚನದ ಒಂದು ಪದವನ್ನು ಒತ್ತಿದರೆ ಸಾಕು, ಆ ಪದ ಬಳಸಿದ ಶರಣರೆಲ್ಲರ ನುಡಿಗಳು ಎದುರು ನಿಲ್ಲುತ್ತವೆ. ಓಂಶಿವಪ್ರಕಾಶ್ ಮತ್ತು ಅವರ ಸಂಗಡಿಗರು ಕಟ್ಟಿದ 'ವಚನ ಸಂಚಯ'ವು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಹೀಗೆ ಹುಡುಕುವಂತೆ ಮಾಡಿದ ಕಾರ್ಯ. ಡಾ. ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟಗಳ ವಿದ್ವತ್ತು ಅದರ ಬುನಾದಿ. ಅದೇ ಬಳಗದಿಂದ ಬಂದ 'ಗುಬ್ಬಿ', 'ನವಿಲು' ಎಂಬ ಅಕ್ಷರಮಾದರಿಗಳು ಡೆಬಿಯನ್, ಉಬುಂಟುಗಳಂಥ ವ್ಯವಸ್ಥೆಗಳ ಮೂಲಕ ಯಾರಿಗೂ ಹೆಸರು ತಿಳಿಯದಂತೆ ಗಣಕಗಳನ್ನು ಸೇರಿವೆ.

ಇಂಥವುಗಳಿಗೆ ಮುಕ್ತ ತಂತ್ರಾಂಶವೆಂದು ಹೆಸರು. ಅದರ ಒಳಗಿನ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಬೆಲೆಯಿಲ್ಲದೆ ದೊರೆಯುವುದರಿಂದ ಅದು ತಾನಾಗಿಯೇ ನಡೆಯುತ್ತದೆಂಬ ಭ್ರಮೆ ಬಳಸುವವರಲ್ಲಿ ಬೇರೂರಿದೆ. ವಾಸ್ತವದಲ್ಲಿ ಬಹಳಷ್ಟು ಕಡೆ ಒಬ್ಬಿಬ್ಬರು ನಿರ್ವಾಹಕರು, ಹೊಟ್ಟೆಪಾಡಿನ ನೌಕರಿ ಮುಗಿಸಿ ಬಂದ ಮೇಲೆ, ರಾತ್ರಿಯ ನಿದ್ದೆಯಲ್ಲಿ ಪಾಲು ಕೊಟ್ಟು ಅದನ್ನು ನಡೆಸುತ್ತಿರುತ್ತಾರೆ.

ಆ ಕೆಲಸ ಎಂಥದೆಂಬುದಕ್ಕೆ ಒಂದು ಉದಾಹರಣೆ ಸಾಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಪುಸ್ತಕಗಳನ್ನು ಹಳೆಯ ಅಕ್ಷರ ಸಂಕೇತಗಳಲ್ಲಿ ಬೆರಳಚ್ಚು ಮಾಡಲಾಗುತ್ತಿತ್ತು. ಅಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ಅಕ್ಷರಕ್ಕಿಂತ ಮೊದಲು ಬರಬೇಕು. ಪರಿವರ್ತಿಸುವ ತಂತ್ರಾಂಶ ಒಂದು ಹೆಜ್ಜೆ ತಪ್ಪಿದರೆ 'ಧರ್ಮ'ವು 'ಧಮರ್' ಆಗುತ್ತದೆ, 'ಕರ್ಮ'ವು 'ಕಮರ್' ಆಗುತ್ತದೆ. ಶರಣರ ನುಡಿಯಲ್ಲಿ ಒಂದು ಒತ್ತು ಸ್ಥಾನಪಲ್ಲಟವಾದರೆ ಅದು ಅಚ್ಚಿನ ದೋಷವಷ್ಟೇ ಆಗಿ ಉಳಿಯುವುದಿಲ್ಲ. ಹುಡುಕುವವನಿಗೆ ಆ ವಚನವೇ ಇಲ್ಲವಾಗುತ್ತದೆ. ಇದನ್ನು ಒಮ್ಮೆ ಸರಿಪಡಿಸಿದರೆ ಮುಗಿಯಿತೇ? ಇಲ್ಲ. ಮೊಬೈಲು ಬದಲಾಗುತ್ತದೆ, ಅದರ ಒಳವ್ಯವಸ್ಥೆ ಬದಲಾಗುತ್ತದೆ, ನಿನ್ನೆ ಸರಿಯಾಗಿದ್ದ ಒತ್ತಕ್ಷರ ಇಂದು ಒಡೆದು ಕಾಣುತ್ತದೆ. ಯಾರೋ ಒಬ್ಬರು ಪ್ರತಿ ಬಾರಿಯೂ ಕುಳಿತು ನೋಡಬೇಕು.

ಈ ನಿತ್ಯದ ದುರಸ್ತಿಗೆ ಪಾಲು ಕೊಡುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ತೊಗರಿ, ಜೋಳದ ರಾಶಿಯಾದಾಗ ಬಡಿಗನಿಗೆ, ಕಮ್ಮಾರನಿಗೆ ಕಣದಲ್ಲಿಯೇ ಆಯ ಅಳೆದುಕೊಡುವ ರೂಢಿ ಹಿಂದೆ ಇತ್ತು. ಅದು ಹೊಸ ಕೂರಿಗೆ ಮಾಡಿಕೊಟ್ಟದ್ದಕ್ಕಷ್ಟೇ ಕೊಡುವ ಕೂಲಿಯಾಗಿರಲಿಲ್ಲ. ವರ್ಷವಿಡೀ ಕುಳ ತಟ್ಟಿ, ಮೇಳಿ ಬಿಗಿದು, ಒಕ್ಕಲುತನ ನಿಲ್ಲದಂತೆ ನೋಡಿಕೊಂಡದ್ದಕ್ಕೆ ಸಲ್ಲುವ ಪಾಲಾಗಿತ್ತು. ಆ ಪದ್ಧತಿಗೆ ಜಾತಿಯ ಮೇಲುಕೀಳಿನ ನಂಜು ತಗುಲಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಶರಣರು ಧಿಕ್ಕರಿಸಿದ್ದು ಆ ನಂಜನ್ನೇ. ಆದರೆ ದುರಸ್ತಿಯೂ ಒಂದು ಕಾಯಕ, ಅದಕ್ಕೆ ಪ್ರತಿ ವರ್ಷವೂ ಪಾಲು ಸಲ್ಲಬೇಕು ಎಂಬ ತಿಳಿವಳಿಕೆಯನ್ನು ಆ ನಂಜಿನ ಜೊತೆಗೇ ಎಸೆದುಬಿಟ್ಟದ್ದು ನಷ್ಟವೇ ಸರಿ. ಈಗ ಉದ್ಘಾಟನೆಗೆ ಶಾಲು, ಹಾರ, ವೇದಿಕೆ ಎಲ್ಲವೂ ಇವೆ. ಮೂರನೆಯ ವರ್ಷದ ನಿರ್ವಹಣೆಗೆ ಮಾತ್ರ ಯಾರೂ ಇಲ್ಲ.

ಜಗತ್ತಿನ ದೊಡ್ಡ ತಂತ್ರಾಂಶಗಳ ಪಾಡೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಅಂತರಜಾಲದ ಗುಟ್ಟಿನ ವ್ಯವಹಾರಗಳನ್ನು ಕಾಪಾಡುವ 'ಓಪನ್ ಎಸ್‌ಎಸ್‌ಎಲ್' ಎಂಬ ತಂತ್ರಾಂಶದಲ್ಲಿ 2014ರಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಭಾರಿ ದೋಷ ಹೊರಬಿದ್ದಿತು. ಬ್ಯಾಂಕುಗಳೂ ಸರಕಾರಗಳೂ ನೆಚ್ಚಿಕೊಂಡಿದ್ದ ಆ ಕಾರ್ಯಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರು ಎಂಬುದು ಆಗ ಲೋಕಕ್ಕೆ ತಿಳಿಯಿತು.

ಇದಕ್ಕಿಂತ ಕಣ್ಣು ತೆರೆಸುವ ಪ್ರಸಂಗ 2024ರ ಮಾರ್ಚಿನದು. ಕಡತಗಳನ್ನು ಅಡಕಗೊಳಿಸುವ 'ಎಕ್ಸ್‌ಝಡ್' ಎಂಬ ತಂತ್ರಾಂಶವನ್ನು ಒಬ್ಬರೇ, ಸಂಬಳವಿಲ್ಲದೆ, ಹಲವು ವರ್ಷ ನಡೆಸಿ ದಣಿದಿದ್ದರು. ಕೆಲಸ ನಿಧಾನವಾಯಿತೆಂದು, ಬೇರೆಯವರಿಗೆ ಒಪ್ಪಿಸಬೇಕೆಂದು ಅವರ ಮೇಲೆ ಒತ್ತಡಗಳು ಬಂದವು. ಅದೇ ಹೊತ್ತಿಗೆ 'ಜಿಯಾ ಟ್ಯಾನ್' ಎಂಬ ಹೆಸರಿನಲ್ಲಿ ಒಬ್ಬ ಸಹಾಯಕ ಒದಗಿ, ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ದುಡಿದು, ನಂಬಿಕೆ ಗಳಿಸಿ, ಕಡೆಗೆ ಅದರೊಳಗೆ ಕಳ್ಳಬಾಗಿಲೊಂದನ್ನು ಇರಿಸಿದ. ದೂರದ ಗಣಕವನ್ನು ಪ್ರವೇಶಿಸಲು ಅರ್ಧ ಸೆಕೆಂಡು ತಡವಾಗುತ್ತಿದೆಯೇಕೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಶಂಕಿಸಿ ಹುಡುಕದೆ ಹೋಗಿದ್ದರೆ ಆ ಬಾಗಿಲು ಜಗತ್ತಿನ ಅಸಂಖ್ಯ ಗಣಕಗಳಿಗೆ ತೆರೆದುಕೊಳ್ಳುತ್ತಿತ್ತು. ಇಲ್ಲಿ ದಣಿದ ನಿರ್ವಾಹಕರನ್ನು ದೂಷಿಸುವುದು ಅನ್ಯಾಯ. ನೆರವು ಬೇಕೆಂದು ಅವರು ಸೋತು ಕುಳಿತಾಗ ನೆರೆಹೊರೆಯ ಸಜ್ಜನರು ಯಾರೂ ಬರಲಿಲ್ಲ, ಬಂದವನು ಕಪಟಿ.

ಹಾಗಾದರೆ ನೆರವನ್ನು ಕೇಳುವ ಬಗೆ ಯಾವುದು? ಕೇಳುವುದೇ ಸಣ್ಣತನವೆಂಬ ಸಂಕೋಚ ಅನೇಕ ಸಾಧಕರಲ್ಲಿದೆ. ಆಯ್ದಕ್ಕಿ ಲಕ್ಕಮ್ಮ ತಾಯಿಯವರ ಪ್ರಸಂಗ ಇಲ್ಲಿ ನೆನಪಾಗತಕ್ಕದ್ದು. ಪತಿ ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಆ ಮಹಾತಾಯಿ ಅದನ್ನು ಮರಳಿ ಸುರಿದು ಬರಲು ಕಳುಹಿಸಿದರು. ಆ ಕಥೆಯಲ್ಲಿ ಆಸೆಯ ನಿರಾಕರಣೆಯನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಎಷ್ಟು ಬೇಕು ಎಂಬ ನಿಖರವಾದ ಲೆಕ್ಕ ಆ ತಾಯಿಗೆ ತಿಳಿದಿತ್ತು, ಅದನ್ನು ಹೇಳಲು ಅವರು ನಾಚಲಿಲ್ಲ ಎಂಬುದೂ ಅಷ್ಟೇ ಮುಖ್ಯ.

ಬೆಂಗಳೂರಿನ ಝೆರೋಧಾ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರಿನ 'ಫ್ಲಾಸ್ ಫಂಡ್' ಎಂಬ ನಿಧಿಯನ್ನು ಘೋಷಿಸಿದಾಗ ಬೇಡಿದ್ದು ಇಂಥದೇ ಲೆಕ್ಕವನ್ನು. ನೆರವು ಬಯಸುವವರು ತಾವು ಯಾರು, ಯಾವ ಕೆಲಸಕ್ಕೆ ಎಷ್ಟು ಬೇಕು ಎಂಬುದನ್ನು ಒಂದು ಸಣ್ಣ ಕಡತದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಬೇಕು. ಒಂದು ಕಾರ್ಯಕ್ಕೆ 10,000 ಡಾಲರಿನಿಂದ 1 ಲಕ್ಷ ಡಾಲರಿನವರೆಗೆ ನೆರವು. ಸ್ತುತ್ಯ ಕಾರ್ಯವೇ. ಆದರೂ ಅಂಥ ನಿಧಿಯು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ತಂತ್ರಾಂಶಗಳನ್ನು ಅರಸುತ್ತದೆ; ಕನ್ನಡದ ಒಂದು ಅಕ್ಷರಮಾದರಿ ಅದರ ಕಣ್ಣಿಗೆ ಬೀಳುವುದು ಕಷ್ಟ. ಹಣವೊಂದೇ ನೆರವೆಂದು ತಿಳಿಯುವುದೂ ಸರಿಯಲ್ಲ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ದುಡಿದು ಒಂದೂವರೆ ಲಕ್ಷದಷ್ಟು ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದ್ದರು. ತಂತ್ರಾಂಶ ಬಲ್ಲ ಕೈಲಾಶ್ ನಾಧ್ ಅವರ ಕೈ ಅದಕ್ಕೆ ಕೂಡಿಬಂದ ಮೇಲೆ 2019ರಲ್ಲಿ ಅದು 'ಅಲರ್' ಎಂಬ ಮುಕ್ತ ನಿಘಂಟಾಗಿ ಅರಳಿತು. ಒಬ್ಬರ ವಿದ್ಯೆಗೆ ಇನ್ನೊಬ್ಬರ ವಿದ್ಯೆ ಒದಗಿದ್ದೇ ಅಲ್ಲಿ ನೆರವಾಯಿತು.

ಕಾಗಿಣಾ ತೀರದ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗ ಹುಟ್ಟಿತು. ಅದೇ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಕಚೇರಿಯ ಮಾತೆಲ್ಲ ಉರ್ದುವಾಗಿದ್ದಾಗ, ಕನ್ನಡವನ್ನು ಉಳಿಸಿದ್ದು ಮನೆಗಳು, ಮಠಗಳು, ಪುರಾಣ ಪ್ರವಚನಗಳು. ಅದಕ್ಕೆ ಯಾವ ಅನುದಾನವೂ ಇರಲಿಲ್ಲ. ಆದುದರಿಂದ ಮುಧೋಳ, ಸೇಡಂ, ಚಿತ್ತಾಪುರಗಳ ಭಕ್ತರಿಗೆ ತಂತ್ರಾಂಶ ಬರೆಯಲು ಬಾರದು ಎಂಬುದು ಹಿಂಜರಿಯಲು ಕಾರಣವಾಗಲಾರದು. ಅಚ್ಚಿನ ಸಂಪುಟವನ್ನು ಎದುರಿಗಿಟ್ಟುಕೊಂಡು ಮೊಬೈಲಿನ ಪಾಠದೊಡನೆ ಸಾಲುಸಾಲಾಗಿ ಹೋಲಿಸಿ, ತಪ್ಪಿದ ಅಕ್ಷರವನ್ನು ನಿರ್ವಾಹಕರಿಗೆ ಬರೆದು ತಿಳಿಸಲು ಕನ್ನಡ ಬಲ್ಲ ಕಣ್ಣು ಸಾಕು. ವಾಡಿ, ಶಹಾಬಾದಗಳ ಕಾರ್ಖಾನೆಗಳಲ್ಲಿ ಯಂತ್ರಗಳ ನಿರ್ವಹಣೆಯನ್ನೇ ಜೀವನವಿಡೀ ಮಾಡಿ ನಿವೃತ್ತರಾದವರಿಗೆ ದೋಷ ಗುರುತಿಸಿ ದಾಖಲಿಸುವ ಶಿಸ್ತನ್ನು ಬೇರೆಯವರು ಕಲಿಸಬೇಕಾಗಿಲ್ಲ. ಗಣಕ ಕಲಿಯುತ್ತಿರುವ ವಿದ್ಯಾರ್ಥಿಗಳು ಹೆಸರು ಊರು ತಿಳಿಸಿ, ಸಣ್ಣ ತಿದ್ದುಪಡಿಯಿಂದ ಆರಂಭಿಸಿ, ನಿಧಾನವಾಗಿ ದೊಡ್ಡ ಹೊಣೆಗೆ ಏರಬಹುದು. ಮುಖ ಬಲ್ಲವರ ನಡುವೆ ಕಪಟಕ್ಕೆ ಎಡೆ ಕಡಿಮೆ. ಬಸವ ಜಯಂತಿಯ ಖರ್ಚಿನ ಪಟ್ಟಿಯಲ್ಲಿ ಶಾಮಿಯಾನ, ಧ್ವನಿವರ್ಧಕ, ಹೂವುಗಳ ಕೆಳಗೆ ಒಂದು ಸಾಲನ್ನು ಸೇರಿಸಿ, ವಚನಗಳನ್ನು ಮೊಬೈಲಿಗೆ ತಲುಪಿಸುವವರ ಪಾಲೆಂದು ಪ್ರತಿ ವರ್ಷ ತಪ್ಪದೆ ಕಳುಹಿಸಲು ಯಾವ ಸಮಿತಿಗೂ ಹೊರೆಯಾಗದು. ಮೊತ್ತ ಸಣ್ಣದಿದ್ದರೂ ಬಾಧಕವಿಲ್ಲ. ಮುಂದಿನ ವರ್ಷವೂ ಬರುತ್ತದೆಂಬುದು ತಿಳಿದಿದ್ದರೆ ಅಲ್ಲಿ ಕುಳಿತು ಅರ್ಕಾವೊತ್ತು ತಿದ್ದುವವರು ಆ ವರ್ಷದ ಕೆಲಸವನ್ನು ಮೊದಲೇ ಗೊತ್ತುಮಾಡಿಕೊಳ್ಳಬಲ್ಲರು.