ಶಾಲಾ ಕೊಠಡಿ: ವೇಗದೊಂದಿಗೆ ತಂಪೂ ಬೇಕು

ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು (ಡಿಆರ್‌ಡಿಒ), ಬೇರೆಡೆ ಮೊದಲೇ ತಯಾರಿಸಿ ತಂದು ಜೋಡಿಸುವ ಪೂರ್ವನಿರ್ಮಿತ ಭಾಗಗಳನ್ನೂ ಬಳಸಿ 2022ರಲ್ಲಿ ಬೆಂಗಳೂರಿನಲ್ಲಿ ಏಳು ಅಂತಸ್ತಿನ ಕಟ್ಟಡವನ್ನು 45 ದಿನಗಳಲ್ಲಿ ಮೇಲೆಬ್ಬಿಸಿರುವಾಗ, ಅದೇ ವರ್ಷ ನವೆಂಬರ್ 14ರಂದು ಆರಂಭವಾದ ‘ವಿವೇಕ’ದಂತಹ ಶಾಲಾ ಕೊಠಡಿ ಯೋಜನೆಗಳಿಗೂ ಆ ಪದ್ಧತಿಯನ್ನು ಅನ್ವಯಿಸಬೇಕೆಂಬ ವಾದ ನ್ಯಾಯವಾದುದೇ ಆಗಿದೆ. ಆದರೆ ಮಳೆ ಕಡಿಮೆಯಿದ್ದು ಬಿಸಿಲು ತೀಕ್ಷ್ಣವಾಗಿರುವ ಚಿತ್ರದುರ್ಗ ಜಿಲ್ಲೆಯ ರಾಂಪುರ, ಮೊಳಕಾಲ್ಮುರು ಸೀಮೆಯಲ್ಲಿ, ಅದೇ ಪದ್ಧತಿಯ ಹೆಸರಿನಲ್ಲಿ ಜೋಡಿಸುವ ತೆಳು ತಗಡಿನ ಕೊಠಡಿಯು ಮಧ್ಯಾಹ್ನದ ವೇಳೆಗೆ ಮಕ್ಕಳು ಕುಳಿತು ಕಲಿಯಲಾಗದಷ್ಟು ಕಾಯುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯು ಎಲ್ಲ ಹವಾಮಾನಕ್ಕೂ ಒಗ್ಗುವ ಕಟ್ಟಡವನ್ನು ಕಡ್ಡಾಯಗೊಳಿಸಿರುವುದರಿಂದ, ಚಾವಣಿ ಮತ್ತು ಗೋಡೆಗಳಲ್ಲಿ ಶಾಖ ತಡೆಯುವ ಪದರವನ್ನೂ ಎದುರುಬದುರು ಕಿಟಕಿಗಳನ್ನೂ ಟೆಂಡರಿನ ಷರತ್ತಾಗಿಸಿದ ಬಳಿಕವೇ ಸರ್ಕಾರವು ಇಂತಹ ಕೊಠಡಿಗಳಿಗೆ ಒಪ್ಪಿಗೆ ನೀಡಬೇಕು. ತಾತ್ಕಾಲಿಕವೆಂಬ ಹೆಸರಿನಲ್ಲಿ ತಗಡಿನ ಶೆಡ್ಡುಗಳನ್ನು ಹಳ್ಳಿಯ ಮಕ್ಕಳಿಗೆ ಒಪ್ಪಿಸುವುದನ್ನು ಈ ಪತ್ರಿಕೆಯು ವಿರೋಧಿಸುತ್ತದೆ.